ಒಪ್ಪಿಸುವವರ ಗುರುತು

ದಿನಕ್ಕೆ ಮುನ್ನೂರು ಸಲ ನಾನೇ ಕೇಳುವ ಮಾತು:
ಆಧಾರ್ ತೋರ್ಸಿ ಅಮ್ಮಾ, ಒರಿಜಿನಲ್ಲು.
ಯಶವಂತಪುರದಿಂದ ಮಾರ್ಕೆಟ್ಟಿನವರೆಗೆ
ಕಂಬಿಗೆ ಬೆನ್ನು ಕೊಟ್ಟು
ಸೊನ್ನೆ ರೂಪಾಯಿಯ ಚೀಟಿ ಹರಿದು ಕೊಡುತ್ತೇನೆ.
ಕಾರ್ಡಿನ ಮುಖವನ್ನೂ ಎದುರಿನ ಮುಖವನ್ನೂ
ನಿಜಕ್ಕೂ ಹೋಲಿಸಿ ನೋಡಿದ್ದು ಕಮ್ಮಿ.

ಇವತ್ತು ರಜೆ ಹಾಕಿದ್ದೇನೆ.
ಇನ್‌ಫೆಂಟ್ರಿ ರಸ್ತೆಯ ಕಮಿಷನರ್ ಕಚೇರಿಯಲ್ಲಿ
ಕಿಟಕಿಯ ಈಚೆ ನಾನು.
ಆಚೆಯಿಂದ ಅದೇ ಮಾತು, ನನ್ನದೇ ರಾಗದಲ್ಲಿ:
ಒರಿಜಿನಲ್ಲು ತೋರ್ಸಿ ಅಮ್ಮಾ.

ಅಪ್ಪನ ಕೋವಿಯನ್ನು ಇನ್ನೊಬ್ಬರ ಹೆಸರಿಗೆ ಮಾಡಬೇಕು.
ಪಟಾಲಮಿನಿಂದ ಬಂದ ಮೇಲೆ ಹದಿನೆಂಟು ವರ್ಷ
ಬ್ಯಾಂಕಿನ ಬಾಗಿಲಲ್ಲಿ, ಮರದ ಸ್ಟೂಲಿನಲ್ಲಿ,
ಅಪ್ಪನ ತೊಡೆಗೊರಗಿ ಕೂತ ಜೋಡಿನಳಿಗೆ.
ಒಂದು ಸಲವೂ ಸಿಡಿಯಲಿಲ್ಲ.
ಚುನಾವಣೆ ಬಂದಾಗೆಲ್ಲ ಠಾಣೆಗೆ ಹೋಗಿ
ರಸೀತಿಯಾಗಿ ಮನೆಗೆ ಬರುತ್ತಿತ್ತು.
ಆ ತಿಂಗಳು ಪೂರ್ತಿ ಅಪ್ಪ
ಖಾಲಿ ಭುಜವನ್ನು ಮುಟ್ಟಿ ಮುಟ್ಟಿ ನೋಡಿಕೊಳ್ಳುತ್ತಿದ್ದ.

ಮರಣ ಪತ್ರ, ವಂಶವೃಕ್ಷ,
ತಕರಾರಿಲ್ಲವೆಂದು ತಮ್ಮ ಬರೆದ ಛಾಪಾಕಾಗದ.
ಬೆರಳಿಗೆ ನೀರು ಮುಟ್ಟಿಸಿಕೊಂಡು ತಿರುವಿದಳು ಆಕೆ.
ಇದರಲ್ಲಿ ಮುನಿವೆಂಕಟಪ್ಪ.
ಸೈನ್ಯದ್ದರಲ್ಲಿ ವೆಂಕಟಪ್ಪ ಎಂ.
ಇದರಲ್ಲಿ ಮುನಿ ಬೇರೆ, ವೆಂಕಟಪ್ಪ ಬೇರೆ.
ಸತ್ತವರು ಯಾರಮ್ಮ?

ಎಲ್ಲರೂ, ಅಂದೆ.

ಆಕೆ ನಗಲಿಲ್ಲ. ನಾನೂ ತಮಾಷೆಗೆ ಅಂದದ್ದಲ್ಲ.

ನೀವು?
ಅಶ್ವತ್ಥಮ್ಮ.
ಆಧಾರಿನಲ್ಲಿ ಅಶ್ವತಮ್ಮ, ರೇಷನ್ ಕಾರ್ಡಿನಲ್ಲಿ ಅಸ್ವತ್ತಮ್ಮ.
ಕಟ್ಟೆಯ ಮರಕ್ಕೆ ಸುತ್ತು ಬಂದು ಹೆಸರಿಟ್ಟ ಅಜ್ಜಿಗೆ
ಏನು ಗೊತ್ತು ಪಾಪ,
ಒಂದು ಒತ್ತಕ್ಷರ ಉಳಿಸಿಕೊಳ್ಳಲು
ನೋಟರಿಗೆ ಐನೂರು ಕೊಡಬೇಕೆಂದು.

ಅಷ್ಟರಲ್ಲಿ ಠಾಣೆಯ ಪೇದೆ ಚೀಲ ಬಿಚ್ಚಿದ.
ನಳಿಗೆ ಮುರಿದು, ಬೆಳಕಿಗೆ ಹಿಡಿದು, ಖಾಲಿ ಎಂದ.
ಕನ್ನಡಕ ಹಣೆಗೇರಿಸಿ ಕೆತ್ತಿದ ಅಂಕಿ ಓದಿದ.
ಲೈಸೆನ್ಸಿನ ಪುಸ್ತಕದಲ್ಲೂ ಅದೇ.
ಪಿನ್ನು ತುಕ್ಕು ಹಿಡಿದ ರಸೀತಿಗಳಲ್ಲೂ ಅದೇ.
ಎಂಟು ಎಂಟೇ, ಮೂರು ಮೂರೇ.
ನಮ್ಮ ಮನೆಯಲ್ಲಿ ಒಬ್ಬರಾದರೂ
ಕಾಗುಣಿತ ತಪ್ಪದೆ ಬಾಳಿದರಲ್ಲ.

ಕೊಳ್ಳುವವನು ಸಂಗಪ್ಪ ಹಲಗತ್ತಿ,
ಮೊನ್ನೆವರೆಗೆ ಸೈನ್ಯ, ಇನ್ನು ಪೀಣ್ಯದಲ್ಲಿ ಹಣದ ವ್ಯಾನು.
ಸ್ವಂತ ಕೋವಿ ಇದ್ದರೆ ಎರಡೂವರೆ ಸಾವಿರ ಹೆಚ್ಚು ಸಂಬಳ.
ಲೈಸೆನ್ಸು ಬಾಗಲಕೋಟೆಯದು, ಮನುಷ್ಯ ಇಲ್ಲಿಯವನು;
ಇಲ್ಲಿಯವನೆಂಬುದಕ್ಕೆ ಏನಿದೆ?
ಓನರು ಕರಾರುಪತ್ರ ಕೊಡವಲ್ಲರಿ ಅಕ್ಕಾರ,
ಅಂದ ನನಗೆ, ಮೆಲ್ಲಗೆ,
ಕಿಟಕಿಗೆ ಹೇಳುವ ಧೈರ್ಯವಾಗದೆ.
ಹದಿನೇಳು ವರ್ಷ ಗಡಿ ಕಾದವನು
ಹೆಗ್ಗನಹಳ್ಳಿಯ ಒಂದು ಕರೆಂಟ್ ಬಿಲ್ಲಿಗೆ ಕಾಯುತ್ತಿದ್ದ.

ಗುರುತಿನ ಚಿಹ್ನೆ?
ಸಂಗಪ್ಪ ತೋಳು ಮಡಚಿ ಹೊಲಿಗೆಯ ಕಲೆ ತೋರಿಸಿದ.
ನಾನು ನನ್ನನ್ನೇ ತಡಕಿಕೊಂಡೆ. ಮಚ್ಚೆಯಿಲ್ಲ, ಗಾಯವಿಲ್ಲ.
ಹೆಬ್ಬೆರಳಲ್ಲಿ ಟಿಕೆಟ್ ಯಂತ್ರದ ಜಡ್ಡು ಇದೆ,
ನಡೆಯುತ್ತಾ ಮೇಡಂ?
ಪೆನ್ನು ಒಂದು ಗಳಿಗೆ ನಿಂತು ಬರೆದುಕೊಂಡಿತು.
ಸೋಮವಾರ ಬನ್ನಿ. ಇಬ್ಬರೂ.

ವಾಪಸು ಬಸ್ಸಿನಲ್ಲಿ, ಕಿಟಕಿ ಪಕ್ಕ ಕೂತು
ಅಪ್ಪನ ಪುಸ್ತಕ ತೆರೆದೆ.
ನೀಲಿ ಶಾಯಿ, ದುಂಡು ಅಕ್ಷರ:
ಎಡಗೆನ್ನೆಯ ಮೇಲೆ ಕರಿ ಮಚ್ಚೆ.

ಇಲ್ಲ. ಅದು ಬಲಗೆನ್ನೆಯದು.
ಮುತ್ತು ಕೊಟ್ಟವಳಿಗೆ ಗೊತ್ತಿರದೆ?
ಹದಿನೆಂಟು ವರ್ಷ, ಆರು ಸಲ ನವೀಕರಣ,
ಎಷ್ಟೊಂದು ಸೀಲು, ಯಾರ ಕಣ್ಣಿಗೂ ಬಿದ್ದಿಲ್ಲ.

ಸೋಮವಾರ ಹೇಳಬೇಕೆಂದುಕೊಂಡೆ.
ಮೈಸೂರು ಬ್ಯಾಂಕ್ ಸರ್ಕಲ್ ಬರುವಷ್ಟರಲ್ಲಿ ಬೇಡವೆನಿಸಿತು.
ಅದು ಬರೆದವನ ಎಡ.
ಯಾರೋ ಒಬ್ಬ, ಯಾವತ್ತೋ ಒಂದು ದಿನ,
ಅಪ್ಪನ ಎದುರು ಕೂತು
ಕಾಗದವನ್ನಲ್ಲ, ಮುಖವನ್ನು ನೋಡಿದ್ದಕ್ಕೆ
ಉಳಿದಿರುವ ಪುರಾವೆ ಇದೊಂದೇ.