ಇಪ್ಪತ್ತೊಂಬತ್ತು ಇಂಚು

ಗಾರ್ಡನ್ ಏರಿಯಾದ ಪ್ಲೈವುಡ್ ಅಂಗಡಿಯಲ್ಲಿ
ಕುರ್ಚಿ ಎಳೆದು ಕೂರಿಸಿ
ಬಣ್ಣ ಯಾವುದು ಬೇಕು ಅಂದರು.
ಹಿಂದೆ ತಿರುಗಿ ನೋಡಿದೆ,
ಅಕ್ಕೋರು ಯಾರಾದರೂ ಬಂದು ನಿಂತಿದ್ದಾರೇನೋ ಅಂತ.

ನನಗೆ ಗೊತ್ತಿರುವುದು ಕಲ್ಲು.
ವಿನೋಬನಗರದ ಡಾಕ್ಟರಮ್ಮನ ಮನೆಯದು ಕರಿ ಗ್ರಾನೈಟು,
ಮುಖ ಕಾಣುತ್ತದೆ, ಮುಖದ ಬೆವರೂ.
ತಿಲಕ್ ನಗರದ್ದು ಕಡಪ,
ಲಿಂಬೆ ಹಿಂಡಿದಲ್ಲೆಲ್ಲ ಬಿಳಿಚಿಕೊಂಡಿದೆ.
ರವೀಂದ್ರನಗರದ ಮಹಡಿ ಮನೆಯದು ಇಟಲಿಯದಂತೆ,
ಅರಿಶಿನದ ಡಬ್ಬಿ ಹಾಗೇ ಇಡುವಂತಿಲ್ಲ,
ಡಬ್ಬಿಯ ಕೆಳಗೆ ಪೇಪರು, ಪೇಪರಿನ ಕೆಳಗೆ ಬಟ್ಟೆ,
ಬಟ್ಟೆಯ ಕೆಳಗೆ ನನ್ನ ಜೀವ.
ಹದಿನಾರು ವರ್ಷ, ಮೂರು ಕಟ್ಟೆ,
ಮೂರೂ ಕಡೆ ನನ್ನ ಕಾಲಡಿಗೊಂದು ಮಣೆ.

ಕಲ್ಲೇ ಹಾಕಿಸು ಹಾಲಮ್ಮ, ನೂರು ವರ್ಷ ಬರುತ್ತೆ,
ಅಂದಿದ್ದರು ಡಾಕ್ಟರಮ್ಮ.
ನೂರು ವರ್ಷ ಅಡುಗೆ ಮಾಡೋರು ಯಾರು?
ಕಲ್ಲಿಗೆ ಹತ್ತೊಂಬತ್ತು ಸಾವಿರ, ಹೊರಲು ನಾಲ್ಕಾಳು.
ಈ ಹಾಳೆ ಚಾಪೆಯಂತೆ ಸುತ್ತಿಕೊಂಡು
ಕರಿಬಸಪ್ಪನ ಆಟೋದಲ್ಲೇ ಬರುತ್ತದೆ.

ಅಂಗಡಿ ಹುಡುಗ ಪುಸ್ತಕ ತೆರೆದ. ಪುಟಪುಟಕ್ಕೂ ಕಾಡು:
ತೇಗ, ಬೀಟೆ, ಹೆಸರು ತಿರುಗದ ದೇಶದ ಮರ,
ಗಂಟುಗಳನ್ನೂ ಬಿಡದೆ ಅಚ್ಚು ಹಾಕಿದ್ದಾರೆ.
ನನ್ನ ಗಂಡ ತೇಗದ ಮೇಲಿಟ್ಟ ಕೈ ತೆಗೆಯಲಿಲ್ಲ.
ಮೌನೇಶಾಚಾರಿ ಅದನ್ನು ಮೂಗಿನ ಹತ್ತಿರ ತಂದು
ವಾಸನೆ ಹಾಕೋದು ಮರೆತಿದ್ದಾರೆ ಅಂದರು.
ಮತ್ತೆ ಎಲೆಯಡಿಕೆ ಮೆಲ್ಲತೊಡಗಿದರು.

ಆರು ತುಂಡು ಮನೆಗೆ ತಂದೆ,
ಒಂದೊಂದೂ ಇಸ್ಪೀಟಿನ ಎಲೆಯಷ್ಟು, ಮೂಲೆಗೊಂದು ತೂತು.
ಎಲ್ಲರೂ ಮಲಗಿದ ಮೇಲೆ ಶುರು ನನ್ನ ಪರೀಕ್ಷೆ:
ಅರಿಶಿನ ಕಲಸಿ ಬಳಿದೆ, ಹುಣಸೆ ಹಿಂಡಿದೆ,
ಹಲಸಿನ ಮೇಣ ಮೆತ್ತಿ ಎಣ್ಣೆ ಹಾಕಿ ಉಜ್ಜಿದೆ,
ಈಳಿಗೆಯ ತುದಿಯಿಂದ ಗೀಚಿದೆ,
ಕೊನೆಗೆ ಬಿಸಿ ತವೆ.
ಕಪ್ಪು ಹೊಳಪಿನದು ಉಬ್ಬಿತು, ಹಪ್ಪಳದಂತೆ.
ಹುರುಳಿ ಚೆಲ್ಲಿದಂಥ ಚುಕ್ಕೆಯದು ಎಲ್ಲ ತಡೆಯಿತು,
ಆದರೆ ಅದರ ಮೇಲೆ ಸಾಸಿವೆ ಬಿದ್ದರೆ ದೇವರಿಗೂ ಸಿಗದು.
ತೇಗಕ್ಕೆ ಏನೂ ಆಗಲಿಲ್ಲ. ಆದದ್ದನ್ನೆಲ್ಲ
ಗೆರೆಗಳೊಳಗೆ ಮುಚ್ಚಿಟ್ಟುಕೊಂಡಿತು,
ಕರಿಬಸಪ್ಪನ ಹಾಗೆ.

೨೨೭೪. ಅಕ್ಕಿ ತೊಳೆದ ನೀರಿನ ಬಣ್ಣ.
ಮೂರು ಸಲ ತೊಳೆದರೂ ಅದರಲ್ಲಿ
ಹಳದಿ ಉಗುರಿನಷ್ಟು ಅರಿಶಿನ ಉಳಿಯಿತು.
ಬೆಳಿಗ್ಗೆ ಅದನ್ನೇ ಹಿಡಕೊಂಡು ಹೋದೆ.
ಇದರಲ್ಲಿ ಕಲೆ ನಿಲ್ಲುತ್ತೆ ಅಕ್ಕ, ಅಂದ ಹುಡುಗ.
ನಿಲ್ಲಲಿ.
ಇದು ಯಾರ ಕೆಲಸ ಅಂತ ಕೂಗೋರು
ಆ ಕಟ್ಟೆಯ ಹತ್ತಿರ ಯಾರೂ ಇರೋದಿಲ್ಲ.
ಹುಡುಗನಿಗೆ ಮಾತ್ರ, ಬೆಳಕಾಗಿರುತ್ತೆ ಕಣಪ್ಪ, ಅಂದೆ.

ಆಚಾರಿ ಟೇಪು ಬಿಚ್ಚಿದರು.
ಸಿಂಕಿನ ಸಂದಿಗೆ ನೀರು ಬಿಡಬೇಡಿ, ಹಲಗೆ ಉಬ್ಬುತ್ತೆ.
ಎತ್ತರ ಎಲ್ಲರಿಗೂ ಮೂವತ್ತಮೂರು,
ಅಂದರು, ಪೆನ್ಸಿಲ್ ಕಚ್ಚಿಕೊಂಡೇ.
ನಾನು ಚಪ್ಪಲಿ ಬಿಟ್ಟು ಗೋಡೆಯ ಹತ್ತಿರ ನಿಂತೆ,
ಹಿಟ್ಟು ನಾದುವ ಹಾಗೆ ಕೈ ಚಾಚಿದೆ.
ಇಪ್ಪತ್ತೊಂಬತ್ತು.
ಮಗಳು ಎತ್ತರ ಇದ್ದಾಳಲ್ಲಮ್ಮ, ಸೊಂಟ ಬಗ್ಗಿಸಬೇಕಾಗುತ್ತೆ.
ಅವಳ ಮನೆಯಲ್ಲಿ ಅವಳು ನಿಲ್ಲಲಿ ಗೋಡೆಗೆ.
ಅವರು ನಕ್ಕರೋ ಕೆಮ್ಮಿದರೋ,
ನನ್ನ ಅಂಗೈಯ ಕೆಳಗೆ
ಹಸಿ ಸಿಮೆಂಟಿನ ಮೇಲೆ ಗೆರೆ ಎಳೆದರು.

ಉಬ್ಬಿದ ಕಪ್ಪು ತುಂಡನ್ನು ಅಂಗಡಿಯವರು ವಾಪಸು ತಗೊಳ್ಳಲಿಲ್ಲ.
ಅದರ ತೂತಿಗೆ ಮನೆಯ ಬೀಗದಕೈ ಪೋಣಿಸಿ
ಸೊಂಟಕ್ಕೆ ಸಿಕ್ಕಿಸಿದ್ದೇನೆ.
ಡಾಕ್ಟರಮ್ಮನ ಮನೆಯಲ್ಲಿ ಮಣೆ ಹತ್ತುವಾಗ
ಅದು ಗ್ರಾನೈಟಿಗೆ ತಾಗಿ ಟಕ್ಕೆನ್ನುತ್ತದೆ.
ಏನೇ ಅದು ಸದ್ದು, ಅನ್ನುತ್ತಾರೆ ಒಳಗಿನಿಂದ.
ಏನಿಲ್ಲಮ್ಮ, ಅನ್ನುತ್ತೇನೆ.