ತೂಬಿನಿಂದ, ಗದ್ದೆಯಿಂದ

ಅಪ್ಪ ನೀರುಗಂಟಿ. ವಿ.ಸಿ. ನಾಲೆಯ ಹನ್ನೊಂದನೇ ತೂಬಿನವನು.
ಯಾರದೋ ಮಡಿ ಬಾಡಿದೆ ಎಂದು ಕೂಗು ಬಂದರೆ
ಪಂಚೆ ಎತ್ತಿ ಕಟ್ಟಿ, ಸನಿಕೆ ಹೆಗಲಿಗಿಟ್ಟು
ಬಾಡಿದಲ್ಲಿಂದಲೇ ಕಾಲುವೆ ಹಿಡಿದು ಮೇಲಕ್ಕೆ ನಡೆಯುತ್ತಿದ್ದ,
ಎಲ್ಲೋ ಒಂದು ಏಡಿಬಿಲ, ಯಾರೋ ತುರುಕಿದ ಗೋಣಿಚೀಲ
ಸಿಗುವ ತನಕ.

ನನ್ನದೂ ಅದೇ ನಡಿಗೆ, ಮಂಡ್ಯದ ಫಾರಂನಲ್ಲಿ.
ಗಾಮಾ ಕಿರಣ ತಾಗಿಸಿದ ಭತ್ತ. ಮೊದಲ ಪೈರು ಬಾಯಿಬಿಡಲಿಲ್ಲ.
ಎರಡನೇ ತಲೆಮಾರಿನ ಆರು ಸಾವಿರದ ನಡುವೆ
ಬಗ್ಗಿ ಬಗ್ಗಿ ಸೊಂಟ ಹಿಡಿದ ಹೊತ್ತಿಗೆ
ಒಂದು: ಮೊಣಕಾಲುದ್ದ, ಗರಿ ಸುರುಳಿ, ತೆನೆ ಮಾತ್ರ ನೆಟ್ಟಗೆ.
ಕೆಂಪು ದಾರ ಕಟ್ಟಿದೆ.
ನಿನ್ನೊಳಗೆ ಯಾವುದು ಕೆಟ್ಟು ಹೀಗಾದೆ ಎಂದು ಕೇಳುತ್ತ
ಮೂರು ವರ್ಷ ಸಂಕರ ಮಾಡಿ, ಎಣಿಸಿ, ಮತ್ತೆ ಸಂಕರ ಮಾಡಿ
ಹನ್ನೆರಡು ವರ್ಣತಂತುಗಳಲ್ಲಿ ಒಂದರ ಹತ್ತಿರ ಬಂದಿದ್ದೇನೆ.
ಬೀದಿ ಗೊತ್ತಾಗಿದೆ. ಮನೆ ಇನ್ನೂ ಇಲ್ಲ.

ತಹಸೀನಾ ನಡೆಯುವುದು ಕೆಳಕ್ಕೆ.
ಅವಳ ಬಳಿ ಜೀನಿನ ಪೂರ್ತಿ ವಿಳಾಸವಿದೆ, ಅಕ್ಷರ ಅಕ್ಷರ.
ಎರಡು ಅಕ್ಷರ ಕಿತ್ತು, ತೂಬು ಮುಚ್ಚಿ
ಗಾಜಿನ ಮನೆಯಲ್ಲಿ ಕಾಯುತ್ತಾಳೆ: ಯಾರ ಮಡಿ ಬಾಡುತ್ತದೆ?
ಬಾಡಲಿಲ್ಲ.
ಒಂದು ಬೆಳೆ, ಎರಡು ಬೆಳೆ. ಎತ್ತರ ಅಷ್ಟೇ, ಕಾಳು ಅಷ್ಟೇ,
ಹೂ ಬಿಟ್ಟ ದಿನವೂ ಅದೇ.
"ನನ್ನ ಜೀನು ಸೋಮಾರಿ ಕಣೇ" ಅಂದಳು ಕ್ಯಾಂಟೀನಿನಲ್ಲಿ
ಆರಿದ ಕಾಫಿ ಕಲಕುತ್ತ.

ಅಪ್ಪನಿಗೆ ಹೇಳಿದೆ. ನಕ್ಕ.
"ಒಂದ್ ತೂಬು ಮುಚ್ಚುದ್ರೆ ಗದ್ದೆ ಒಣಗ್ಬೇಕು ಅಂತ ಯಾರಂದ್ರು?
ಮೇಲಿನ್ ಗದ್ದೆ ಬಸಿನೀರು ಇಳೀತದೆ, ಪಕ್ಕದ್ ಕಾಲ್ವೆ ಸೋರ್ತದೆ.
ಕಟ್ಟು ಬರ್ಲಿ. ಹತ್ತು ದಿನ ನಾಲೆ ನಿಲ್ಲಿಸ್ತಾರಲ್ಲ, ಆಗ ನೋಡು."

ತಹಸೀನಾ ಕುಂಡಗಳಿಗೆ ನೀರು ನಿಲ್ಲಿಸಿದಳು. ಒಂಬತ್ತನೇ ದಿನ
ಉಳಿದವೆಲ್ಲ ಗರಿ ಸುತ್ತಿಕೊಂಡು ಕಾದವು,
ಅವಳದ್ದು ಸುತ್ತುವುದನ್ನೇ ಮರೆತು
ಬಿಚ್ಚಿದ ಹಾಗೇ ಸುಟ್ಟುಹೋಯಿತು.
ಅಷ್ಟು ಸಂತೋಷದಲ್ಲಿ ಯಾರೂ ಸತ್ತ ಪೈರು ಹಿಡಿದು
ಬದುವಿನ ಮೇಲೆ ಓಡಿ ಬಂದದ್ದನ್ನು ನಾನು ಕಂಡಿಲ್ಲ.

ನನ್ನದು ಸದಾ ಸುತ್ತಿದ ಗರಿ. ಅವಳದ್ದಕ್ಕೆ ಸುತ್ತಲು ಬಾರದು.
ಎರಡೂ ಒಂದೇ ಕಾಲುವೆಯವೋ? ಹೇಳಲಾರೆ, ಇನ್ನೂ.
ಹೆಸರಿಡುವ ವಿಷಯಕ್ಕೆ ಆಗಲೇ ಒಂದು ಜಗಳ ಆಗಿದೆ.
ಕೆಟ್ಟಾಗ ಏನು ಕಂಡಿತೋ ಅದೇ ಜೀನಿನ ಹೆಸರು,
ನೆಟ್ಟಗೆ ದುಡಿದ ದಿನಗಳಿಗೆ ಹೆಸರಿಲ್ಲ.
ಅಪ್ಪನನ್ನೂ ಊರು ಹೆಸರು ಹಿಡಿದು ಕರೆಯುತ್ತಿದ್ದದ್ದು
ನೀರು ಬಾರದ ರಾತ್ರಿ.

ಕೆಂಪು ದಾರ ಬಿಸಿಲಿಗೆ ಬೆಳ್ಳಗಾಗಿದೆ.
ನಾಳೆ ಹೊಸದು ಕಟ್ಟಬೇಕು.