ಉಳಿದ ಚಿಲ್ಲರೆ

ಸೊನ್ನಿಯಿಂದ ಹತ್ತರೊಳಗ ಹೇಳ್ರಿ, ಅಂತಾರ ಬೆಳಗಾವಿ ಡಾಕ್ಟರು,
ಎಷ್ಟೈತಿ ಇವತ್ತು?
ಇಪ್ಪತ್ತಾರು ವರ್ಷ ಚಿಕ್ಕೋಡಿ ಡಿಪೋದಾಗ ಟಿಕೀಟು ಹರದಾಕಿ ನಾನು,
ಅರ್ಧ ಟಿಕೀಟು, ಪಾಸು, ಕೋಳಿಬುಟ್ಟಿ, ಎಲ್ಲಾದಕ್ಕೂ ದರ ಗೊತ್ತು.
ಬೆನ್ನಿನ ಬ್ಯಾನಿಗೆ ಮಾತ್ರ ಸ್ಟೇಜಿಲ್ಲ.
ನಿಂತರ ಐದು, ಕುಂತರ ಏಳು,
ಸೀನಿದರ ಹತ್ತೂ ದಾಟಿ ಹುಕ್ಕೇರಿ ಮಟ.

ಸಂಕೇಶ್ವರದ ಹತ್ರ ಗಾಡಿ ಹಳ್ಳಕ್ಕ ವಾಲಿದ್ದು ಹಳೇ ಸುದ್ದಿ.
ಎರಡು ಸಲ ಕೊಯ್ದು ಸ್ಕ್ರೂ ಹಾಕ್ಯಾರ.
ಸ್ಕ್ರೂ ಗಟ್ಟಿ ಅದಾವಂತ. ಬ್ಯಾನಿನೂ.

ಮೊದಲು ಟ್ರಮಡಾಲ್.
ಆರ್ಡಿನರಿ ಗಾಡಿ ಅದು, ಆರು ತಾಸಿಗೊಮ್ಮೆ ಖಾಲಿ.
ಎಂಟರಿಂದ ಆರಕ್ಕ ಬ್ಯಾನಿ ಇಳೀತು,
ಹೊಟ್ಟಿ ಗಂಟಲಿಗೆ ಬಂತು.
ಘಾಟಿನ್ಯಾಗ ವಾಂತಿ ಮಾಡೋ ಹುಡುಗರಿಗೆ ನಿಂಬಿಹಣ್ಣು ಕೊಡ್ತಿದ್ದಾಕಿ
ನನ್ನ ಸೆರಗಿಗೆ ನಾನ ನಿಂಬಿಹಣ್ಣು ಕಟಗೊಂಡು ಕುಂತೆ.

ಆಮ್ಯಾಲ ಟಪೆಂಟಡಾಲ್, ಹನ್ನೆರಡು ತಾಸಿಂದು.
ಹೊಟ್ಟಿ ಸುಮ್ಮನಾತು, ಪರ್ಸು ಒದ್ದಾಡ್ತು.
ಮುಂಜಾನಿ ಎಂಟು, ರಾತ್ರಿ ಎಂಟು ಅಂದ್ರು.
ಹೊತ್ತು ಮುಳುಗಿದ ಮ್ಯಾಲ ನೀರೂ ಮುಟ್ಟದಾಕಿರಿ ನಾನು,
ಡ್ಯೂಟಿ ಮ್ಯಾಲೂ ಕೊನೀ ಸೀಟಿನ್ಯಾಗ ಐದೂವರಿಗೆ ಬುತ್ತಿ ಬಿಚ್ಚಿ
ಸೂರ್ಯನ ಜೋಡಿ ಉಂಡು ಮುಗಿಸಿದಾಕಿ.
ಡಾಕ್ಟರು ನಗಲಿಲ್ಲ.
ಹೊತ್ತು ಹುಟ್ಟಿದ ಮ್ಯಾಲ ಒಂದು, ಮುಳುಗೂದರೊಳಗ ಒಂದು ಅಂದ್ರು.
ಬ್ಯಾಸಗಿ ದಾಟಿತು.
ಕಾರ್ತೀಕದಾಗ ಹಗಲು ಹನ್ನೊಂದು ತಾಸು ಚಿಲ್ಲರ, ಗುಳಿಗಿ ಹನ್ನೆರಡರದು.
ಉಳಿದದ್ದು ಯಾರ ಲೆಕ್ಕಕ್ಕ ಹಾಕಲಿ?

ನಿಪ್ಪಾಣಿ ಅಣ್ಣಾಸಾಬಗ ಮಾರ್ಫಿನ್ ಕೊಟ್ಟಾರ, ಬಾಯಿ ಕ್ಯಾನ್ಸರ್ ಅವಗ.
ನನಗೂ ಕೊಡ್ರಲ ಅಂದೆ.
ನಾಕು ತಾಸಿಗೊಂದು ನುಂಗಬೇಕದು, ಕಳ್ಳು ಕಲ್ಲಾಗತಾವ,
ಮತ್ತ ನಿಮ್ಮದು ವರ್ಷಗಟ್ಟಲೆ ಹೋಗೂ ಬ್ಯಾನಿ,
ಗುಳಿಗಿ ಜೋರಾದ್ರ ಬ್ಯಾನಿ ಹೆದರತೈತಿ ಅನ್ನಬ್ಯಾಡ್ರಿ, ಅಂದ್ರು.

ಒಂದಿನ ಗುಳಿಗಿ ಎಣಿಸಿದರು.
ಹದಿನಾಕು ಇರಬೇಕು, ಹನ್ನೊಂದದಾವ.
ಚೆಕಿಂಗಿನವರು ಹತ್ತಿದಂಗ ಎದಿ ಧಸಕ್ ಅಂತು.
ಎರಡು ರೂಪಾಯಿ ಕಡಿಮಿ ಬಿದ್ದಿಲ್ಲ ಎಂದೂ ನನ್ನ ಚೀಲಕ್ಕ.
ಮಗಳು ಸುಗಂಧಾ ತನ್ನ ಮಗನ ಮಾರಿ ನೋಡಿದಳು,
ಹದಿನಾರರ ಹುಡುಗ,
ತಪ್ಪಿಲ್ಲದನ ಮಾರಿ ತಗ್ಗಿಸಿದ.
ನಾನ ನುಂಗೇನ್ರಿ, ಅಂದೆ.
ರಾತ್ರಿ.
ನೀರು ಕುಡದು.
ಟಿಕೀಟಿಲ್ಲದ ಸಿಕ್ಕಿದ್ದು ಹಗುರಿತ್ತು,
ನೀರು ಅನ್ನೂ ಮಾತು ನಾಲಿಗಿಗೆ ಭಾರಾತು.

ಬ್ಯಾನಿಗೆ ನುಂಗಿದ್ರೋ, ನಿದ್ದಿಗೋ? ಕೇಳಿದರು.
ಇನ್ನೂ ಹುಡುಕಾಕತ್ತೇನಿ.

ಈಗ ತೋಳಿಗೊಂದು ಪಟ್ಟಿ, ಬುಪ್ರೆನಾರ್ಫಿನ್.
ಹೆಸರು ಹೇಳಿ ಮುಗಸೂದ್ರಾಗ ಸ್ಟಾಪು ಬರತೈತಿ.
ವಾರಕ್ಕೊಂದು. ನುಂಗೂದಿಲ್ಲ.
ಚರ್ಮಕ್ಕ ವ್ರತ ಇಲ್ಲ, ಹಗಲು ರಾತ್ರಿ ಕೇಳೂದಿಲ್ಲ,
ಕಡಿತೈತಿ ಅಷ್ಟ.
ಆದ್ರ ಬಿಸಿನೀರಿನ ಚೀಲ ಬ್ಯಾಡ, ಬಿಸಿಲಿಗೆ ಕೂಡಬ್ಯಾಡ್ರಿ,
ಕಾವಿಗೆ ಔಷಧ ಒಮ್ಮಿಗೆ ಒಳಗ ನುಗ್ಗತೈತಿ, ಅಂದ್ರು.
ಏಪ್ರಿಲ್ ತಿಂಗಳ ಚಿಕ್ಕೋಡ್ಯಾಗ
ಬಿಸಿಲು ಬ್ಯಾಡಾದ್ರ ಎಲ್ಲೆ ಕೂಡ್ಲಿ?
ಕ್ವಾಣಿ ಮೂಲ್ಯಾಗ ಕುಂತೇನಿ, ಗಡಿಗಿ ನೀರಿನ ಬಾಜೂಕ.

ನಾಕಕ್ಕ ನಿಂತೈತಿ ಬ್ಯಾನಿ.
ಸೊನ್ನಿ ಯಾವಾಗ್ರಿ ಅಂದೆ.
ಅಲ್ಲಿಗೆ ಗಾಡಿ ಇಲ್ಲ, ಸುಗಲಾಬಾಯಿ,
ನಾಕರಾಗ ಏನೇನು ಮಾಡಿದ್ರಿ, ಬರಕೊಂಡು ಬರ್ರಿ.

ಚೀಟಿ ತಿರುವಿ ಹಿಂದ ಬರದೆ:
ಶೇಂಗಾ ಸುಲದೆ, ಅರ್ಧ ಸೇರು.
ಬಸದಿ ಪಾವಟಿಗಿ ಮೂರು ಹತ್ತಿದೆ, ನಾಕು ಉಳದಾವ.
ಹುಡುಗನ ಅಂಗಿಗೆ ಗುಂಡಿ ಹಚ್ಚಿದೆ.
ಮಾತಾಡಿಲ್ಲ ಅವ ಇನ್ನೂ.

ಚಿಲ್ಲರ ಇಲ್ಲದಾಗ ಟಿಕೀಟಿನ ಹಿಂದ ಹಿಂಗ ಬರದು ಕೊಡ್ತಿದ್ದೆ,
ಇಳಿಯೂ ಮುಂದ ಇಸಕೊಳ್ರಿ ಅಂತ.
ಎಷ್ಟೋ ಮಂದಿ ಮರತು ಇಳದು ಹೋದರು,
ನಾನೂ ಕರೀಲಿಲ್ಲ, ಡ್ರೈವರ್ ಅವಸರ ಮಾಡ್ತಿದ್ದ.